ಮಂಡಿ ಆಪರೇಷನ್‌ಗೆ ತೊಡೆಯಿಂದ ತೆಗೆದರೆ ಕಾಲಿನ ಬಲ ಹೋಗುತ್ತಾ?

ಪ್ರಶ್ನೆ: ಮಗನಿಗೆ 21 ವರ್ಷ. ಕಬಡ್ಡಿ ಆಡುವಾಗ ಮಂಡಿ ತಿರುಚಿ, ಒಳಗೆ ಮೇಲಿನ-ಕೆಳಗಿನ ಮೂಳೆ ಹಿಡಿದಿಡೋ ಎಸಿಎಲ್ ಲಿಗಮೆಂಟ್ ಹರಿದಿದೆ. ತೊಡೆಯ ಒಳಗಡೆಯಿಂದ ನರ ತೆಗೆದು ಅಲ್ಲಿಗೆ ಹಾಕುತ್ತಾರಂತೆ. ಗದ್ದೆ ಕೆಲಸಾನೂ ಮಾಡೋ ಹುಡುಗ. ಒಂದನ್ನು ಸರಿ ಮಾಡೋಕೆ ಹೋಗಿ ಇನ್ನೊಂದು ಕೆಡಲ್ವಾ?
– ಒಬ್ಬ ತಾಯಿ, ಮದ್ದೂರು

ಉತ್ತರ: ತೆಗೆಯುವುದು ನರ ಅಲ್ಲ ಅಮ್ಮ. ಸ್ನಾಯು ಮೂಳೆಗೆ ಅಂಟಿಕೊಳ್ಳುವ ಕಡೆ ಬಿಳೀ ಹುರಿ ಇರುತ್ತದಲ್ಲ, ಅದನ್ನು. ಸಾಮಾನ್ಯವಾಗಿ ಎರಡು ಹುರಿ ತೆಗೆದು, ಮಡಚಿ ನಾಲ್ಕು ಎಳೆ ಮಾಡುತ್ತಾರೆ. ಒಂದು ತೊಡೆಯ ಹಿಂಬದಿಯ ಸೆಮಿಟೆಂಡಿನೋಸಸ್. ಇನ್ನೊಂದು ಒಳಬದಿಯ ಗ್ರಾಸಿಲಿಸ್. ನಿಮ್ಮ ಪ್ರಶ್ನೆ ಇದರದ್ದೇ.

ಗ್ರಾಸಿಲಿಸ್ ಉದ್ದನೆಯ, ತೆಳ್ಳನೆಯ ಸ್ನಾಯು. ಎರಡು ತೊಡೆ ಸೇರುವ ಕಡೆಯ ಮೂಳೆಯಿಂದ ಹೊರಟು, ಚರ್ಮದ ಕೆಳಗೇ ಇಳಿದು, ಮಂಡಿ ದಾಟಿ ಕೆಳಗಿನ ಮೂಳೆಗೆ ಅಂಟುತ್ತದೆ. ತೊಡೆಯನ್ನು ಒಳಗೆ ಎಳೆಯುವ ಗುಂಪಿನಲ್ಲಿ ಮಂಡಿ ದಾಟುವುದು ಇದೊಂದೇ. ಹಾಗಾಗಿ ತೊಡೆ ಕೂಡಿಸುವುದರ ಜೊತೆಗೆ ಮಂಡಿ ಮಡಚಲು, ಮಡಚಿದ ಕಾಲನ್ನು ಒಳಗೆ ತಿರುಗಿಸಲು ಕೂಡ ಕೈ ಜೋಡಿಸುತ್ತದೆ.

ಮುಟ್ಟಿ ನೋಡಬೇಕಾ? ಕುರ್ಚಿಯಲ್ಲಿ ಕೂತು ಹಿಮ್ಮಡಿಯನ್ನು ಕುರ್ಚಿ ಕಾಲಿಗೆ ಒತ್ತಿ ಹಿಂದಕ್ಕೆ ಎಳೆಯಿರಿ. ಮಂಡಿಯ ಹಿಂದೆ, ಒಳಬದಿಯಲ್ಲಿ ದಪ್ಪನೆಯ ಹುರಿಯೊಂದು ಬಿಗಿಯಾಗುತ್ತದೆ. ಅದು ಸೆಮಿಟೆಂಡಿನೋಸಸ್. ಅದರ ಪಕ್ಕ, ಇನ್ನೂ ಒಳಗಡೆಗೆ, ಸಣ್ಣ ಹುರಿ ಬೆರಳಿಗೆ ಸಿಗುತ್ತದೆ. ಅದೇ ಗ್ರಾಸಿಲಿಸ್. ನಿಮ್ಮದನ್ನು ನೋಡಿಕೊಳ್ಳಿ, ಮಗನ ಗಾಯದ ಕಾಲಿನಲ್ಲಿ ಬೇಡ.

ಇದು ಹೋದರೆ ತೊಡೆ ಎಳೆಯುವವರು ಇಲ್ಲವೇ ಅಂದರೆ, ಬೇಕಾದಷ್ಟಿದ್ದಾರೆ. ಅದೇ ಗುಂಪಿನ ಅಡಕ್ಟರ್ ಮ್ಯಾಗ್ನಸ್ ಅನ್ನುವ ಸ್ನಾಯು ಒಂದೇ ಇದಕ್ಕಿಂತ ಎಷ್ಟೋ ದೊಡ್ಡದು. ಅಡಕ್ಟರ್ ಲಾಂಗಸ್, ಅಡಕ್ಟರ್ ಬ್ರೆವಿಸ್ ಇದ್ದೇ ಇವೆ. ಪ್ಲಾಸ್ಟಿಕ್ ಸರ್ಜನ್‌ಗಳಂತೂ ಬರೀ ಹುರಿ ಅಲ್ಲ, ಗ್ರಾಸಿಲಿಸ್ ಸ್ನಾಯುವನ್ನೇ ತೆಗೆದು ಬೇರೆ ಕಡೆ ಕೂರಿಸುತ್ತಾರೆ. ಮುಖದ ಲಕ್ವ ಆದವರಿಗೆ ನಗು ತರಿಸಲು ಜಪಾನಿನ ವೈದ್ಯರು ಹೀಗೆ ಮಾಡಿದ್ದನ್ನು 1976ರಲ್ಲೇ ಪ್ರಕಟಿಸಿದರು. ಬೈಕ್ ಅಪಘಾತದಲ್ಲಿ ಭುಜದ ನರ ಕಿತ್ತು ಕೈ ಬಿದ್ದುಹೋದವರಿಗೂ ಇದನ್ನೇ ಹಾಕುವುದುಂಟು.

ಹಾಗಂತ ಏನೂ ನಷ್ಟವಿಲ್ಲ ಅಂದರೆ ಸುಳ್ಳಾಗುತ್ತದೆ. ಬೋರಲು ಮಲಗಿ ಹಿಮ್ಮಡಿಯನ್ನು ಪೂರ್ತಿ ಕುಂಡಿಯ ಕಡೆಗೆ ಎಳೆಯುವಾಗ ಬಲ ಸ್ವಲ್ಪ ಕಡಿಮೆ ಅನ್ನಿಸಬಹುದು. ರೈಡ್‌ಗೆ ಹೋಗಿ ಥಟ್ಟನೆ ಕಾಲು ಹಿಂದಕ್ಕೆ ಎಳೆದುಕೊಳ್ಳುವವನಿಗೆ ಇದು ಗೊತ್ತಾದೀತು. ನಾಟಿಗೆ ಕುಕ್ಕರುಗಾಲಲ್ಲಿ ಕೂರುವುದು ಬೇರೆ ಲೆಕ್ಕ. ಅಲ್ಲಿ ಮೈಭಾರವೇ ಮಂಡಿ ಮಡಚುತ್ತದೆ, ಹಿಡಿತ ತೊಡೆಯ ಮುಂಭಾಗದ ಸ್ನಾಯುವಿನದ್ದು. ಇನ್ನೊಂದು ವಿಚಿತ್ರ ಏನಂದರೆ, ತೆಗೆದ ಹುರಿಯ ಜಾಗದಲ್ಲಿ ಬಹಳ ಜನರಿಗೆ ಹೊಸ ಹುರಿ ಬೆಳೆಯುತ್ತದೆ. ಸ್ಕ್ಯಾನ್‌ನಲ್ಲಿ ಕಾಣುತ್ತದೆ. ಎಲ್ಲರಿಗೂ ಅಲ್ಲ.

ಗಾಯದ ಕೆಳಗೆ, ಮೊಣಕಾಲಿನ ಮುಂದೆ, ಅಂಗೈಯಗಲ ಜಾಗ ಜೋಮು ಹಿಡಿದ ಹಾಗಾಗಬಹುದು. ಚರ್ಮದ ಸಣ್ಣ ನರಕ್ಕೆ ಪೆಟ್ಟಾಗಿರುತ್ತದೆ, ನಡೆಯುವುದಕ್ಕೆ ಅಡ್ಡಿಯಿಲ್ಲ. ಮೊದಲ ಕೆಲವು ವಾರ ಹಿಮ್ಮಡಿಯಿಂದ ಕುರ್ಚಿ ಎಳೆದುಕೊಳ್ಳುವಂಥ ಚಾಳಿ ಬಿಡಬೇಕು. ತೊಡೆಯ ಹಿಂದೆ ಟಪ್ ಅಂತ ಹಿಡಿದುಕೊಂಡುಬಿಡುತ್ತದೆ. ಅಂಕಣಕ್ಕೆ ಇಳಿಯುವುದು ಕಡೇಪಕ್ಷ ಒಂಬತ್ತು ತಿಂಗಳಾದ ಮೇಲೆ. ಅದೂ ಎರಡೂ ಕಾಲಿನ ಬಲ ಅಳೆಸಿ. ದಸರಾ ಕ್ರೀಡಾಕೂಟ ಬಂತು ಅಂತ ಆತುರ ಬೇಡ.

ಮಂಡಿಚಿಪ್ಪಿನ ಕೆಳಗಿನ ಹುರಿ ತೆಗೆಯುವ ವಿಧಾನವೂ ಇದೆ. ಮೈಗೆ ಮೈ ತಾಗುವ ಆಟದವರಿಗೆ ಕೆಲವು ಸರ್ಜನ್‌ಗಳು ಅದನ್ನೇ ಇಷ್ಟಪಡುತ್ತಾರೆ. ಆದರೆ ಅದರಲ್ಲಿ ಮಂಡಿಯೂರಿದಾಗ ನೋವು ಜಾಸ್ತಿ. ಗದ್ದೆಯಲ್ಲಿ ದುಡಿಯುವ ಹುಡುಗನಿಗೆ ತೊಡೆಯ ಹುರಿಯೇ ಅನುಕೂಲ ಅಂತ ನನ್ನ ಅನಿಸಿಕೆ. ಮಗ ಎರಡೂ ಮಾಡುತ್ತಾನೆ ಅನ್ನುವುದನ್ನು ಆಪರೇಷನ್‌ಗೆ ಮೊದಲೇ ಸರ್ಜನ್‌ಗೆ ಹೇಳಿ, ಯಾವುದು ಯಾಕೆ ಅಂತ ಕೇಳಿ.