ಜ್ಯಾಕಲೋಪ್: ಕೊಂಬು ಬಂದ ಮೊಲದ ಹೆಸರಿನ ಕಥೆ

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವರನ್ನು ನಾವೆಲ್ಲ ನೋಡಿದ್ದೇವೆ. ಅಮೆರಿಕದ ವಯೋಮಿಂಗ್ ರಾಜ್ಯದವರು ಹಿಡಿದ ಮೊಲಕ್ಕೆ ಕಾಲು ನಾಲ್ಕೂ ಇವೆ. ಆದರೆ ತಲೆ ಮೇಲೆ ಎರಡು ಕೊಂಬು ಜಾಸ್ತಿ. ಅದೇ ಜ್ಯಾಕಲೋಪ್ ಅನ್ನುವ ಕಟ್ಟುಕಥೆಯ ಪ್ರಾಣಿ.

ಜ್ಯಾಕ್‌ರ‍್ಯಾಬಿಟ್ ಅನ್ನುವ ಪದದ ತಲೆಗೆ ಆಂಟಿಲೋಪ್ ಅನ್ನುವ ಪದದ ಬಾಲ ಅಂಟಿಸಿದರೆ ಜ್ಯಾಕಲೋಪ್. ನಾವು ಮೊಲ, ಚಿಗರಿ ಎರಡನ್ನೂ ಕೂಡಿಸಿ ‘ಮೊಲಗರಿ’ ಅಂದ ಹಾಗೆ. ಮಜಾ ಏನೆಂದರೆ, ಈ ಪದದ ಯಾವ ತುಂಡು ಮುಟ್ಟಿದರೂ ಒಂದು ಸುಳ್ಳು ಕೈಗೆ ಸಿಗುತ್ತದೆ.

ಜ್ಯಾಕ್‌ರ‍್ಯಾಬಿಟ್ ಅನ್ನುವುದು ರ‍್ಯಾಬಿಟ್ ಅಲ್ಲವೇ ಅಲ್ಲ, ಹೇರ್. ರ‍್ಯಾಬಿಟ್ ಮರಿ ಹುಟ್ಟುವಾಗ ಕಣ್ಣು ಮುಚ್ಚಿರುತ್ತದೆ, ಮೈಮೇಲೆ ಕೂದಲಿರುವುದಿಲ್ಲ. ಹೇರ್ ಮರಿ ತುಪ್ಪಳ ಹೊದ್ದು, ಕಣ್ಣು ಬಿಟ್ಟುಕೊಂಡೇ ಹುಟ್ಟುತ್ತದೆ. ಕನ್ನಡದಲ್ಲಿ ಎರಡಕ್ಕೂ ಮೊಲ ಅಂತಲೇ ಅನ್ನುತ್ತೇವೆ, ಹಾಗಾಗಿ ನಮಗೆ ಈ ತಾಪತ್ರಯ ಇಲ್ಲ. ‘ಜ್ಯಾಕ್’ ಬಂದಿದ್ದು ಕತ್ತೆಯಿಂದ. ಉದ್ದುದ್ದ ಕಿವಿ ನೋಡಿದ ಜನ ಇದನ್ನು ಜ್ಯಾಕ್‌ಆಸ್ ರ‍್ಯಾಬಿಟ್, ಅಂದರೆ ಕತ್ತೆ ಮೊಲ ಅಂತ ಕರೆದರು. ಬರಬರುತ್ತ ಅರ್ಧ ಕತ್ತೆ ಉದುರಿಹೋಯಿತು.

ಆಂಟಿಲೋಪ್ ಕಥೆಯೂ ಅಷ್ಟೇ. ವಯೋಮಿಂಗ್ ಬಯಲಲ್ಲಿ ಓಡುವ ಪ್ರಾಂಗ್‌ಹಾರ್ನ್ ಅನ್ನುವ ಪ್ರಾಣಿಗೆ ಅಲ್ಲಿಯವರು ಆಂಟಿಲೋಪ್ ಎನ್ನುತ್ತಾರೆ. ಪ್ರಾಣಿಶಾಸ್ತ್ರ ಇದನ್ನು ಒಪ್ಪುವುದಿಲ್ಲ. ಅಸಲಿ ಆಂಟಿಲೋಪ್ ನೋಡಬೇಕಿದ್ದರೆ ಅವರು ನಮ್ಮ ರಾಣೆಬೆನ್ನೂರಿಗೆ ಬಂದು ಕೃಷ್ಣಮೃಗ ನೋಡಬೇಕು. ಇನ್ನು ಕೊಂಬು? ಗೋಡೆಗೆ ಹಾಕುವ ಜ್ಯಾಕಲೋಪ್ ತಲೆಗಳ ಮೇಲೆ ಸಾಮಾನ್ಯವಾಗಿ ಇರುವುದು ಜಿಂಕೆಯ ಕವಲುಕೊಂಬು! ಆಂಟಿಲೋಪ್‌ಗೂ ಅದಕ್ಕೂ ಸಂಬಂಧವೇ ಇಲ್ಲ.

ಈ ಜೋಡಣೆ ಆಗಿದ್ದು ವಯೋಮಿಂಗ್‌ನ ಡಗ್ಲಸ್ ಎಂಬ ಊರಲ್ಲಿ, 1930ರ ದಶಕದಲ್ಲಿ. ಡಗ್ಲಸ್ ಹೆರಿಕ್, ರಾಲ್ಫ್ ಹೆರಿಕ್ ಅಂತ ಅಣ್ಣತಮ್ಮಂದಿರು. ಸತ್ತ ಪ್ರಾಣಿಗಳ ಚರ್ಮಕ್ಕೆ ಒಳಗೆ ತುಂಬಿ ಜೀವಂತ ಇದ್ದ ಹಾಗೆ ನಿಲ್ಲಿಸುವುದು ಅವರಿಗೆ ಗೊತ್ತಿದ್ದ ಕೆಲಸ. ಮೈಸೂರಿನ ವ್ಯಾನ್ ಇಂಗೆನ್ ಕಂಪನಿ ಹುಲಿ, ಚಿರತೆಗಳಿಗೆ ಮಾಡುತ್ತಿತ್ತಲ್ಲ, ಅದೇ ಕೆಲಸ. ಒಂದು ದಿನ ಬೇಟೆ ಮುಗಿಸಿ ಬಂದರು. ಊಟದ ಹೊತ್ತು ಬೇರೆ. ಸತ್ತ ಮೊಲವನ್ನು ಅಂಗಡಿಯೊಳಗೆ ಎಸೆದರು. ಅದು ನೆಲದ ಮೇಲೆ ಜಾರಿಕೊಂಡು ಹೋಗಿ, ಅಲ್ಲಿ ಬಿದ್ದಿದ್ದ ಜಿಂಕೆ ಕೊಂಬಿಗೆ ತಾಗಿ ನಿಂತಿತು. ನೋಡಿದರೆ ಮೊಲಕ್ಕೇ ಕೊಂಬು ಬಂದ ಹಾಗಿದೆ. ಹಾಗೇ ಹೊಲಿದು ನಿಲ್ಲಿಸಿಬಿಡೋಣ ಅಂದರು.

ಆ ಮೊದಲ ತಲೆಯನ್ನು ಊರಿನ ಲಾಬಾಂಟ್ ಹೋಟೆಲಿನ ಮಾಲೀಕರು 10 ಡಾಲರ್‌ಗೆ ಕೊಂಡು ಗೋಡೆಗೆ ಹಾಕಿದರು. 1977ರಲ್ಲಿ ಅದು ಕಳುವಾಯಿತು. ಇಲ್ಲದ ಪ್ರಾಣಿಯ ತಲೆ ಕದ್ದವರ ಮೇಲೆ ದೂರು ಬರೆಯುವುದಾದರೂ ಹೇಗೆ, ಅಲ್ವಾ?

ಊರಿಗೆ ಊರೇ ಇದಕ್ಕೆ ಯಾಕೆ ಕುಣಿಯಿತು ಅನ್ನುವುದಕ್ಕೆ ನಕ್ಷೆ ನೋಡಬೇಕು. ವಯೋಮಿಂಗ್ ವಿಸ್ತಾರದಲ್ಲಿ ಕರ್ನಾಟಕಕ್ಕಿಂತ ದೊಡ್ಡದು. ಜನ ಮಾತ್ರ ಸುಮಾರು 6 ಲಕ್ಷ. ಮೈಸೂರು ನಗರದಲ್ಲೇ ಅದಕ್ಕಿಂತ ಜಾಸ್ತಿ ಇದ್ದಾರೆ. ಗಂಟೆಗಟ್ಟಲೆ ಓಡಿಸಿದರೂ ಹುಲ್ಲು, ಬೇಲಿ, ಆಕಾಶ. ಇಂಥ ರಸ್ತೆಯಲ್ಲಿ ಕಾರು ನಿಲ್ಲಿಸಲು ಒಂದು ನೆಪ ಬೇಕು. ಪಕ್ಕದ ಸೌತ್ ಡಕೋಟದಲ್ಲಿ ವಾಲ್ ಡ್ರಗ್ ಎಂಬ ಔಷಧಿ ಅಂಗಡಿ ‘ತಣ್ಣೀರು ಪುಕ್ಕಟೆ’ ಎಂದು ಬೋರ್ಡ್ ಹಾಕಿಯೇ ಜನ ಸೇರಿಸಿತು. ಮುಂದೆ ಅಲ್ಲೂ ಹತ್ತಿ ಕೂತು ಫೋಟೊ ತೆಗೆಸಿಕೊಳ್ಳುವಂಥ ದೈತ್ಯ ಜ್ಯಾಕಲೋಪ್ ಬಂತು. ಡಗ್ಲಸ್ ಊರು ತನ್ನ ಪೇಟೆ ನಡುವೆ ಜ್ಯಾಕಲೋಪ್ ಪ್ರತಿಮೆಯನ್ನೇ ನಿಲ್ಲಿಸಿತು.

ಪ್ರತಿಮೆಯ ಜೊತೆ ಪುರಾಣವೂ ಬೆಳೆಯಿತು. ರಾತ್ರಿ ಕೌಬಾಯ್‌ಗಳು ಬೆಂಕಿ ಸುತ್ತ ಕೂತು ಹಾಡಿದರೆ ಕತ್ತಲಿಂದ ಜ್ಯಾಕಲೋಪ್ ಅದೇ ದನಿಯಲ್ಲಿ ತಿರುಗಿ ಹಾಡುತ್ತದಂತೆ. ಮಿಂಚು ಹೊಡೆದಾಗ ಮಾತ್ರ ಕೂಡುತ್ತದಂತೆ. ಹಿಡಿಯಬೇಕಿದ್ದರೆ ವಿಸ್ಕಿ ಇಡಬೇಕಂತೆ. ನನಗೆ ಹಾಡಿನ ಕಥೆಯೇ ಇಷ್ಟ; ವಿಸ್ಕಿ ಕುಡಿದಿದ್ದು ಮೊಲವೋ ಹಾಡಿದವರೋ ಅನ್ನುವ ಅನುಮಾನ ಮಾತ್ರ ಹೋಗುವುದಿಲ್ಲ.

ನಮ್ಮಲ್ಲಿ ‘ಮೊಲದ ಕೊಂಬು’ ಅಂದರೆ ಇರಲಾರದ್ದು ಎಂದೇ ಅರ್ಥ. ಹಳೆಯ ತರ್ಕಶಾಸ್ತ್ರದವರು ‘ಶಶವಿಷಾಣ’ ಎಂದು ಇದನ್ನೇ ಉದಾಹರಣೆ ಕೊಡುತ್ತಿದ್ದರು. ಆದರೆ ಕೊಂಬಿನಂಥದ್ದು ಬೆಳೆದ ಮೊಲಗಳು ನಿಜಕ್ಕೂ ಇವೆ. ಅದು ಕೊಂಬಲ್ಲ, ಕಾಯಿಲೆ. 1933ರಲ್ಲಿ ರಿಚರ್ಡ್ ಶೋಪ್ ಎಂಬ ವಿಜ್ಞಾನಿ ಅಂಥ ಗಂಟುಗಳನ್ನು ಅರೆದು, ಸೋಸಿ, ಆ ರಸವನ್ನು ಆರೋಗ್ಯವಾಗಿದ್ದ ಮೊಲಗಳಿಗೆ ಹಚ್ಚಿದರು. ಅವಕ್ಕೂ ಗಂಟು ಎದ್ದವು. ಕಾರಣ ವೈರಸ್ ಎಂದು ಗೊತ್ತಾಯಿತು. ಬಾಯಿ ಸುತ್ತ ಬೆಳೆದರೆ ಪಾಪ, ಮೇಯಲಾಗದೆ ಮೊಲ ಸಾಯುತ್ತದೆ. ವೈರಸ್‌ನಿಂದ ಕ್ಯಾನ್ಸರ್ ಬರಬಹುದು ಎಂಬ ತಿಳುವಳಿಕೆ ಬೆಳೆಯಲು ಈ ಕೆಲಸವೂ ನೆರವಾಯಿತು.

ತಮಾಷೆ ಮಾತ್ರ ನಿಂತಿಲ್ಲ. 1985ರಲ್ಲಿ ರಾಜ್ಯಪಾಲ ಎಡ್ ಹರ್ಶ್‌ಲರ್ ವಯೋಮಿಂಗ್ ಜ್ಯಾಕಲೋಪ್‌ನ ತವರು ಎಂದು ಘೋಷಿಸಿದರು. 2005ರಲ್ಲಿ ಇದನ್ನು ರಾಜ್ಯದ ಅಧಿಕೃತ ಕಾಲ್ಪನಿಕ ಪ್ರಾಣಿ ಮಾಡುವ ಮಸೂದೆ ಕೆಳಮನೆಯಲ್ಲಿ ಪಾಸಾಗಿ, ಸೆನೆಟ್‌ನಲ್ಲಿ ಬಿದ್ದುಹೋಯಿತು. ಬೇಟೆಗೆ ಡಗ್ಲಸ್ ಊರಲ್ಲಿ ಲೈಸೆನ್ಸ್ ಕೂಡ ಕೊಡುತ್ತಾರೆ. ಷರತ್ತು ಎರಡು. ಬೇಟೆಗಾರನ ಐಕ್ಯೂ 72 ಮೀರಿರಬಾರದು. ಬೇಟೆ ಆಡಬೇಕಾದ್ದು ಜೂನ್ 31ರಂದು, ನಡುರಾತ್ರಿಯಿಂದ 2 ಗಂಟೆಯೊಳಗೆ. ಜೂನ್ 31 ಯಾವ ವಾರ ಬರುತ್ತದೆ ಅಂತ ಕ್ಯಾಲೆಂಡರ್ ಕಡೆ ನೋಡಿದವರು ಮೊದಲ ಷರತ್ತು ಪಾಸಾದ ಹಾಗೆ.