ಒಂದೇ ಗುಳಿಗೆಯಲ್ಲಿ ಎರಡು ಔಷಧಿ ಅಂದ್ರೆ ಬಿಪಿ ಕೈಮೀರಿದೆ ಅಂತಲಾ?

ಪ್ರಶ್ನೆ: ನನಗೆ 52 ವರ್ಷ, ಸಿಂಧನೂರು ಕಡೆಯವನು. ಬಿಪಿಗೆ ಆಮ್ಲೋಡಿಪಿನ್ 5 ತಗೊಳ್ತಿದ್ದೆ. ಈಗ ಡಾಕ್ಟರು ಅದರ ಜೊತೆ ಟೆಲ್ಮಿಸಾರ್ಟಾನ್ ಸೇರಿರುವ ಗುಳಿಗೆ ಬರೆದಿದ್ದಾರೆ. ಕಾಯಿಲೆ ಅಷ್ಟು ಜಾಸ್ತಿ ಆಯ್ತಾ?

ಹಾಗೇನಿಲ್ಲ, ಗಾಬರಿ ಬೇಡ. ಒಂದೇ ಔಷಧಿಯಲ್ಲಿ ಬಿಪಿ ಹತೋಟಿಗೆ ಬರುವವರು ಕಡಿಮೆ. 2018ರಲ್ಲೇ ಯುರೋಪಿನ ಹೃದ್ರೋಗ ತಜ್ಞರು, ಹೆಚ್ಚಿನವರಿಗೆ ಮೊದಲ ದಿನದಿಂದಲೇ ಎರಡು ಔಷಧಿಯ ಒಂದೇ ಗುಳಿಗೆ ಕೊಡಿ ಅಂದರು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಂಥ ಗುಳಿಗೆಗಳನ್ನು ಅಗತ್ಯ ಔಷಧಿಗಳ ಪಟ್ಟಿಗೇ ಸೇರಿಸಿತು.

ಇದರ ಹಿಂದಿನ ಲೆಕ್ಕ ಹೀಗೆ. ಆಮ್ಲೋಡಿಪಿನ್ ರಕ್ತನಾಳದ ಬಿಗಿ ಸಡಿಲಿಸುತ್ತದೆ. 5 ಮಿಲಿಗ್ರಾಂ ಸಾಲದಿದ್ದರೆ 10 ಮಾಡಬಹುದು, ಆದರೆ ಡೋಸ್ ಇಮ್ಮಡಿ ಮಾಡಿದರೂ ಬಿಪಿ ಇಳಿಯೋದು ಇನ್ನು ಸ್ವಲ್ಪವೇ, ಪಾದ ಊದೋದು ಮಾತ್ರ ಜಾಸ್ತಿ. ಸಂಜೆ ಚಪ್ಪಲಿ ಪಟ್ಟಿಯ ಗುರುತು ಕಾಲಲ್ಲಿ ಗುಂಡಿ ಬಿದ್ದ ಹಾಗೆ ಕಾಣುತ್ತದಲ್ವಾ, ಅದೇ. ಟೆಲ್ಮಿಸಾರ್ಟಾನ್ ಬೇರೆ ದಾರಿ ಹಿಡಿಯುತ್ತದೆ, ನಾಳ ಬಿಗಿಯಾಗಿಸುವ ಒಂದು ಹಾರ್ಮೋನಿನ ಕೆಲಸಕ್ಕೆ ಅಡ್ಡ ನಿಲ್ಲುತ್ತದೆ. ಅದನ್ನು ಜೊತೆಗೆ ಸೇರಿಸಿದರೆ ಬಿಪಿ ಚೆನ್ನಾಗಿ ಇಳಿಯುತ್ತದೆ, ಆ ಊತವೂ ಕಡಿಮೆಯಾಗುತ್ತದೆ.

ನನಗೆ ಭಯ ಇರೋದು ಬೇರೆ ಕಡೆ. ಹಳೇ ಸ್ಟ್ರಿಪ್‌ನಲ್ಲಿ ಇನ್ನೂ ಆರೇಳು ಗುಳಿಗೆ ಉಳಿದಿರುತ್ತವೆ, ಸುಮ್ನೆ ಯಾಕೆ ಹಾಳು ಅಂತ ಹೊಸದರ ಜೊತೆ ಅದನ್ನೂ ನುಂಗುವವರಿದ್ದಾರೆ. ಹೊಸ ಸ್ಟ್ರಿಪ್ ತಿರುಗಿಸಿ ನೋಡಿ. ದೊಡ್ಡ ಅಕ್ಷರದ ಹೆಸರಿನ ಕೆಳಗೆ ಸಣ್ಣದಾಗಿ ಟೆಲ್ಮಿಸಾರ್ಟಾನ್ 40, ಆಮ್ಲೋಡಿಪಿನ್ 5 ಅಂತ ಇರುತ್ತದೆ. ಅಂದರೆ ನಿಮ್ಮ ಹಳೇ ಗುಳಿಗೆ ಇದರೊಳಗೇ ಇದೆ. ಎರಡೂ ಸ್ಟ್ರಿಪ್ ಡಾಕ್ಟರ ಮುಂದಿಟ್ಟು ಯಾವುದು ನಿಲ್ಲಿಸಲಿ ಅಂತ ಕೇಳಿಬಿಡಿ.

ಹೆಸರಿನ ಕೊನೆಗೆ ಎಚ್ ಅಕ್ಷರ ಇದ್ದರೆ ಸಾಮಾನ್ಯವಾಗಿ ಮೂತ್ರ ಹೆಚ್ಚಿಸುವ ಔಷಧಿಯೂ ಸೇರಿದೆ ಅಂತ ಅರ್ಥ. ನಮ್ಮ ರಾಯಚೂರಿನ ಏಪ್ರಿಲ್-ಮೇ ಬಿಸಿಲು 40 ಡಿಗ್ರಿ ದಾಟುತ್ತದೆ, ಹೊಲದಲ್ಲಿ ಬೆವರು ಸುರಿದು, ಮೇಲೆ ವಾಂತಿ-ಭೇದಿ ಬೇರೆ ಹಿಡಿದರೆ ಮೈಯಲ್ಲಿ ನೀರು, ಉಪ್ಪು ಎರಡೂ ಇಳಿಯುತ್ತವೆ, ಎದ್ದು ನಿಂತರೆ ತಲೆ ತಿರುಗುತ್ತದೆ. ಆವಾಗ ತಡಮಾಡದೆ ಡಾಕ್ಟರಿಗೆ ಹೇಳಿ, ಗುಳಿಗೆಯನ್ನು ಒಂದೆರಡು ದಿನ ನಿಲ್ಲಿಸಿ ಅನ್ನಬಹುದು. ಇನ್ನು ನಾಟಿ ಮುಗಿಸಿ ಸೊಂಟ ನೋವು ಅಂತ ಅಂಗಡಿಯಿಂದ ಡೈಕ್ಲೋಫೆನಾಕ್ ತಂದು ನುಂಗೋದಂತೂ ಬೇಡವೇ ಬೇಡ. ಅದು ಬಿಪಿ ಏರಿಸುತ್ತದೆ. ಟೆಲ್ಮಿಸಾರ್ಟಾನ್, ಮೂತ್ರದ ಔಷಧಿ, ಈ ನೋವಿನ ಗುಳಿಗೆ ಮೂರೂ ಕೂಡಿದರೆ ಕಿಡ್ನಿಗೆ ಪೆಟ್ಟು. ಗುಳಿಗೆ ಶುರುವಾದ ಕೆಲ ವಾರಕ್ಕೆ ಕ್ರಿಯೇಟಿನಿನ್, ಪೊಟ್ಯಾಸಿಯಂ ರಕ್ತಪರೀಕ್ಷೆ ಮಾಡಿಸಲು ಹೇಳುವುದೂ ಇದಕ್ಕೇ.

ಮನೆಯಲ್ಲಿ ಗರ್ಭಿಣಿಗೆ ಬಿಪಿ ಇದ್ದರೆ ನಿಮ್ಮ ಗುಳಿಗೆ ಕೊಡಬೇಡಿ. ಟೆಲ್ಮಿಸಾರ್ಟಾನ್ ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯ.

ದುಡ್ಡಿನ ಮಾತೂ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ಎರಡೂ ಔಷಧಿ ಬೇರೆ ಬೇರೆ ಗುಳಿಗೆಯಾಗಿ ಪುಕ್ಕಟೆ ಸಿಕ್ಕರೆ, ಅದೇ ಡೋಸ್ ಇದ್ದರೆ, ಡಾಕ್ಟರನ್ನು ಕೇಳಿ ಅವನ್ನೇ ತಗೊಳ್ಳಿ, ಕೆಲಸ ಒಂದೇ. ಜೋಡಿ ಗುಳಿಗೆಯ ಲಾಭ ಅಂದ್ರೆ ಮರೆಯೋದು ಕಡಿಮೆ, ಅಷ್ಟೇ.