ಅವ್ರು ದುಡ್ಡು ವಾಪಸ್ ಕೊಟ್ರು, ನೀವು ಭಾವನ ಹತ್ರ ಇಸ್ಕೊಂಡ್ರಿ

ಮೊನ್ನೆ ಹೊಸನಗರ ಕಡೆ ಹುಡುಗನೊಬ್ಬ ಆಫೀಸಿಗೆ ಬಂದು ಟೇಬಲ್ ಮೇಲೆ ವಿಸಿಟಿಂಗ್ ಕಾರ್ಡ್ ಇಟ್ಟ. ಹೆಸರಿನ ಕೆಳಗೆ ಬಂಗಾರದ ಅಕ್ಷರದಲ್ಲಿ ‘ಪ್ರೈವೇಟ್ ಇನ್ವೆಸ್ಟರ್’. ಬೆಂಗಳೂರಲ್ಲಿದ್ದ ಸಾಫ್ಟ್‌ವೇರ್ ಕೆಲಸ ಬಿಟ್ಟು ಊರಿಗೆ ಬಂದು ಎಂಟು ತಿಂಗಳಾಯ್ತಂತೆ. ಬಂಡವಾಳ ಎಷ್ಟಪ್ಪ ಅಂದೆ. "12 ಲಕ್ಷ ಸರ್, 5 ನಂದು, 4 ಭಾವಂದು, ಉಳಿದಿದ್ದು ಅಮ್ಮನ ಬಂಗಾರ ಅಡ ಇಟ್ಟಿದ್ದು" ಅಂದ. ನಾನು ಸುಮ್ನೆ ನೋಡ್ತಿದ್ದಿದ್ದು ನೋಡಿ, "ಮೈಕೆಲ್ ಬರ್ರಿ ಕೂಡ ಹೆಡ್ಜ್ ಫಂಡ್ ಮುಚ್ಚಿ ಪ್ರೈವೇಟ್ ಇನ್ವೆಸ್ಟರ್ ಆದ ಅಲ್ವಾ ಆಡಿಟ್ರೇ, ಹಂಗೇ" ಅಂತ ಸೇರಿಸ್ದ. ಬರ್ರಿ ಅಂದ್ರೆ ಅಮೆರಿಕದ ಹೂಡಿಕೆದಾರ, ಹೆಡ್ಜ್ ಫಂಡ್ ಅಂದ್ರೆ ದುಡ್ಡಿದ್ದೋರ ದುಡ್ಡು ಇಸ್ಕೊಂಡು ಹೂಡೋ ಫಂಡು, ಪ್ರೈವೇಟ್ ಇನ್ವೆಸ್ಟರ್ ಅಂದ್ರೆ ಸ್ವಂತ ದುಡ್ಡು ಮಾತ್ರ ಹೂಡೋನು. ಎಂತ ಹೇಳೋದು ಮಾರಾಯ್ರೆ. ಈ ವರ್ಷ ಹಿಂಗೆ ಬಂದೋರಲ್ಲಿ ಇವ್ನು ನಾಲ್ಕನೆಯವ್ನು, ಅದಕ್ಕೇ ಬರೀತಿದೀನಿ.

ಮೊದ್ಲೇ ಹೇಳ್ಬಿಡ್ತೀನಿ, ನಾನು ಲೆಕ್ಕ ನೋಡೋ ಆಡಿಟರ್, ಶೇರು ಮಾರ್ಕೆಟ್ ಮೇಲೆ ಕಣ್ಣಿಡೋ ಸರ್ಕಾರಿ ಸಂಸ್ಥೆ ಸೆಬಿಯಲ್ಲಿ ನೋಂದಣಿ ಆದ ಹೂಡಿಕೆ ಸಲಹೆಗಾರ ಅಲ್ಲ, ಯಾವ ಶೇರು ತಗೋಬೇಕು ಅಂತ ನನ್ನ ಕೇಳ್ಬೇಡಿ. ಆದ್ರೆ ಲಾಸ್ ಆದ್ಮೇಲೆ ಫೈಲು ನನ್ನ ಟೇಬಲಿಗೇ ಬರೋದ್ರಿಂದ ಒಂದು ವಿಷ್ಯ ಮಾತ್ರ ಚೆನ್ನಾಗಿ ಗೊತ್ತು, ಹೂಡಿದ ದುಡ್ಡು ಯಾರದ್ದು ಅನ್ನೋದೇ ಮುಖ್ಯ. ಬರ್ರಿ ಕತೆಲೂ ಅದೇ ಇರೋದು.

ಬರ್ರಿ ಓದಿದ್ದು ಡಾಕ್ಟ್ರಿಕೆ. ಅದನ್ನ ಬಿಟ್ಟು 2000ದಲ್ಲಿ ಸಯಾನ್ ಕ್ಯಾಪಿಟಲ್ ಅಂತ ಫಂಡ್ ಶುರು ಮಾಡ್ದ. 2005ರಲ್ಲಿ ಅಮೆರಿಕದ ಮನೆ ಸಾಲಗಳು ಮುಳುಗ್ತವೆ ಅಂತ ಪಂಥ ಕಟ್ದ. ಅದು ಹೆಂಗೆ ಅಂದ್ರೆ, ಬೇರೆಯವ್ರ ತೋಟಕ್ಕೆ ಕೊಳೆ ರೋಗ ಬರುತ್ತೆ ಅಂತ ನಾವು ವಿಮೆ ಮಾಡ್ಸಿ ವರ್ಷಾ ವರ್ಷಾ ಪ್ರೀಮಿಯಂ ಕಟ್ಟಿದ ಹಾಗೆ. ಕೊಳೆ ಬರೋ ತನಕ ಕೈಯಿಂದ ಕಟ್ತಾನೇ ಇರ್ಬೇಕು. 2006ರಲ್ಲಿ ಅವ್ನ ಫಂಡಿಗೆ ದುಡ್ಡು ಹಾಕಿದೋರು ತಿರುಗಿಬಿದ್ರು, ನಮ್ ದುಡ್ಡು ವಾಪಸ್ ಕೊಡು ಅಂದ್ರು. ಇವ್ನು ಕೊಡಲ್ಲ ಅಂತ ಬಾಗಿಲು ಹಾಕ್ಕೊಂಡ. ಕೋರ್ಟಿಗೆ ಎಳೀತೀವಿ ಅಂತ ಬೆದರಿಕೆನೂ ಬಂತು. 2007ರಲ್ಲಿ ಅವ್ನು ಹೇಳಿದ್ದೇ ಆಯ್ತು, ಹಾಕಿದೋರಿಗೆ 70 ಕೋಟಿ ಡಾಲರ್‌ಗೂ ಜಾಸ್ತಿ ಲಾಭ, ಅವ್ನಿಗೆ ಸುಮಾರು 10 ಕೋಟಿ ಡಾಲರ್. ಆಮೇಲೆ ಮಾಡಿದ್ದೇನು? 2008ರಲ್ಲಿ ಫಂಡ್ ಮುಚ್ಚಿ ಸ್ವಂತ ದುಡ್ಡು ನೋಡ್ಕೊಳ್ಳೋಕೆ ಕೂತ. ಗೆದ್ದ ಮೇಲೆ!

ಇಲ್ಲಿ ನಮ್ಮವ್ರಿಗೆ ಕಾಣೋದು ಗೆದ್ದಿದ್ದು, ಸಿನಿಮಾ ಆಗಿದ್ದು. ಬಾಗಿಲು ಹಾಕ್ಕೊಂಡಿದ್ದು ಯಾರ ಕಣ್ಣಿಗೂ ಬೀಳಲ್ಲ. ನಂಗಂತೂ ಇಡೀ ಕತೆಲಿ ಅದೇ ಮುಖ್ಯ ಅನ್ಸೋದು. ಲೆಕ್ಕಾಚಾರ ಸರಿ ಇದ್ದೂ, ದುಡ್ಡು ಬೇರೆಯವ್ರದ್ದು ಅನ್ನೋ ಒಂದೇ ಕಾರಣಕ್ಕೆ ಆತ ಮುಳುಗಿಹೋಗೋದ್ರಲ್ಲಿದ್ದ.

ನಮ್ಮ ಕಡೆ ಇದು ಗೊತ್ತಿಲ್ದೇ ಇರೋ ವಿಷ್ಯ ಅಲ್ಲ. ಸಾಲ ಇಲ್ದೇ ಇರೋನು ರಾಶಿ ಅಡಿಕೆ ಒಣಗಿಸಿ ಚೀಲ ಕಟ್ಟಿ ಇಟ್ಟು, ರೇಟು ಬಂದಾಗ ಕೊಡೋಣ ಅಂತ ಎರಡು ವರ್ಷ ಆರಾಮಾಗಿ ಕೂರ್ತಾನೆ. ಮಂಡಿಯಲ್ಲಿ ಮುಂಗಡ ಇಸ್ಕೊಂಡೋನು, ಸೊಸೈಟಿ ಸಾಲ ತಿರುವಿ ಹಾಕ್ಬೇಕಾದೋನು, ರೇಟು ಬಿದ್ದಿದ್ರೂ ಗಾಡಿಗೆ ತುಂಬ್ಲೇಬೇಕು. ಅಡಿಕೆ ಅದೇ, ತೋಟ ಅಕ್ಕಪಕ್ಕ, ವ್ಯತ್ಯಾಸ ಇರೋದು ಯಾರ ದುಡ್ಡು, ಅವ್ರು ಯಾವತ್ತು ಕೇಳ್ತಾರೆ ಅನ್ನೋದ್ರಲ್ಲಿ. ತೀರ್ಥಹಳ್ಳಿಯ ಹಣ್ಣಣ್ಣು ಮುದುಕರಿಗೂ ಇದು ಗೊತ್ತು, ಆದ್ರೆ ಅವ್ರ ಮೊಮ್ಮಗ ಮೊಬೈಲಲ್ಲಿ ಶೇರು ತಗೊಳ್ಳುವಾಗ ಮರ್ತೋಗ್ತಾನೆ.

ಹೆಡ್ಜ್ ಫಂಡ್ ಮ್ಯಾನೇಜರ್ ಅಂದ್ರೆ ಒಂಥರಾ ಮುಂಗಡ ತಗೊಂಡೋನೇ. ದುಡ್ಡು ಮಂದೀದು, ಮೂರು ತಿಂಗಳಿಗೋ ವರ್ಷಕ್ಕೋ ನೋಟಿಸ್ ಕೊಟ್ಟು ವಾಪಸ್ ಕೇಳೋ ಹಕ್ಕು ಅವ್ರಿಗಿದೆ, ಅವ್ರು ಕೇಳೋದು ಹೆಚ್ಚಾಗಿ ಫಂಡು ಲಾಸಲ್ಲಿದ್ದಾಗಲೇ. ಅದಕ್ಕೇ ದುಡ್ಡು ಮಾಡ್ಕೊಂಡ ದೊಡ್ಡೋರು ಒಬ್ಬೊಬ್ರಾಗಿ ಮಂದಿ ದುಡ್ಡಿಂದ ಕೈ ತೊಳ್ಕೊಂಡ್ರು. ಅಮೆರಿಕದ ಹೆಸರುವಾಸಿ ಫಂಡ್ ಮ್ಯಾನೇಜರುಗಳನ್ನೇ ನೋಡಿ, ಜಿಮ್ ರೋಜರ್ಸ್ 1980ರಲ್ಲಿ, 37ನೇ ವಯಸ್ಸಿಗೇ ಬಿಟ್ಟು ಆಮೇಲೆ ಬೈಕಲ್ಲಿ ಪ್ರಪಂಚ ಸುತ್ತೋಕೆ ಹೋದ. ಡ್ರಕನ್‌ಮಿಲ್ಲರ್ 1981ರಿಂದ ನಡೆಸ್ತಿದ್ದ ಡ್ಯುಕೇನ್ ಫಂಡನ್ನ 2010ರಲ್ಲಿ ಮುಚ್ಚಿದ, ಸೊರೋಸ್ 2011ರಲ್ಲಿ ಹೊರಗಿನವ್ರ ದುಡ್ಡು ವಾಪಸ್ ಕೊಟ್ಟ. ಸೊರೋಸ್‌ದು ಹೊಸ ಕಾನೂನಿನ ತಲೆನೋವೂ ಇತ್ತು ಅನ್ನಿ, ಎಲ್ಲರ ಕಾರಣ ಒಂದೇ ಅಂತ ನಾನು ಹೇಳಲ್ಲ. ಆದ್ರೆ ಎಲ್ರೂ ಹೋದ ದಿಕ್ಕು ಒಂದೇ, ಮಂದಿ ದುಡ್ಡಿಂದ ಸ್ವಂತ ದುಡ್ಡಿಗೆ. ನಮ್ಮ ಹುಡುಗ್ರು ಸ್ವಂತ ಸಂಬಳದ ದುಡ್ಡಲ್ಲಿ ಶುರು ಮಾಡಿ ಭಾವನ ದುಡ್ಡಿಗೆ, ಅಮ್ಮನ ಸರಕ್ಕೆ, ಗೆಳೆಯರ ಬಡ್ಡಿ ದುಡ್ಡಿಗೆ ಹೋಗ್ತಾರೆ. ಅಂದ್ರೆ ಆ ದೊಡ್ಡೋರು ಯಾವುದನ್ನ ಬಿಟ್ಟು ಓಡಿದ್ರೋ ಇವ್ರು ಅದನ್ನೇ ಮನೆಗೆ ತರ್ತಾರೆ, ಮತ್ತೆ ಕಾರ್ಡಲ್ಲಿ ಪ್ರೈವೇಟ್ ಇನ್ವೆಸ್ಟರ್! ಅಲ್ಲ ಕಣಪ್ಪ, ನೀನು ಈಗಷ್ಟೇ ಹೆಡ್ಜ್ ಫಂಡ್ ಶುರು ಮಾಡಿದೀಯ, ಅದೂ ಫೀಸಿಲ್ದೇ.

ಫೀಸಿನ ಮಾತು ಬಂತಲ್ಲ, ಅದನ್ನೂ ಹೇಳ್ತೀನಿ. ಆ ಧಂದೆಯಲ್ಲಿ ಹಳೇ ಪದ್ಧತಿ ಅಂದ್ರೆ ಫಂಡಿನ ಮೇಲೆ ವರ್ಷಕ್ಕೆ 2 ಪರ್ಸೆಂಟ್, ಲಾಭದಲ್ಲಿ 20 ಪರ್ಸೆಂಟ್. 1000 ಕೋಟಿ ಫಂಡು 200 ಕೋಟಿ ದುಡೀತು ಅಂದ್ರೆ ಮ್ಯಾನೇಜರ್ ಕಡೆಗೆ ಹತ್ರಹತ್ರ 60 ಕೋಟಿ, ಅದ್ರಲ್ಲಿ ಆಫೀಸು ಸಂಬಳ ಎಲ್ಲ ಕಳೀರಿ. ಅಂಥ ವರ್ಷಗಳು ಎಷ್ಟೋ ಆದ್ಮೇಲೆ ಸ್ವಂತ ದುಡ್ಡು ಅಂತ ಒಂದು ಗುಡ್ಡೆ ಆಗುತ್ತೆ, ಆಮೇಲೆ ಪ್ರೈವೇಟ್ ಆಗೋದು. ಈಗ ನಮ್ಮ 12 ಲಕ್ಷ ನೋಡಿ. ಡ್ರಕನ್‌ಮಿಲ್ಲರ್ ಸುಮಾರು 30 ವರ್ಷ ಸರಾಸರಿ ವರ್ಷಕ್ಕೆ 30 ಪರ್ಸೆಂಟ್ ಮಾಡ್ದ ಅಂತಾರೆ, ಪ್ರಪಂಚದಲ್ಲಿ ಬೆರಳೆಣಿಕೆ ಜನರೂ ಮಾಡಿಲ್ಲ. ಹುಡುಗ ಅವ್ನಷ್ಟೇ ಜಾಣ ಅಂತ ಇಟ್ಕೊಳ್ಳಿ, 12 ಲಕ್ಷಕ್ಕೆ 30 ಪರ್ಸೆಂಟ್ ಅಂದ್ರೆ 3.6 ಲಕ್ಷ, ತಿಂಗಳಿಗೆ 30 ಸಾವಿರ. ಟ್ಯಾಕ್ಸು, ಬಂಗಾರದ ಬಡ್ಡಿ ಇನ್ನೂ ಕಳೆದಿಲ್ಲ. ಅದ್ರಲ್ಲೇ ಊಟ ಮಾಡಿದ್ರೆ ಗುಡ್ಡೆ ಬೆಳೆಯೋದೂ ಇಲ್ಲ. ಬಿಟ್ಟು ಬಂದ ಸಂಬಳ ಎಷ್ಟಿತ್ತಪ್ಪ ಅಂದ್ರೆ ತಲೆ ಕೆಳಗೆ ಹಾಕ್ದ. ಆಪ್ಷನ್ಸ್, ಅಂದ್ರೆ ಶೇರಿನ ರೇಟು ಮುಂದೆ ಎಲ್ಲಿಗೆ ಹೋಗುತ್ತೆ ಅನ್ನೋದರ ಮೇಲೆ ಕಟ್ಟೋ ಪಂಥ, ಅದನ್ನ ಮಾಡಿ ಬೇಗ ದುಡೀತೀನಿ ಅನ್ನೋರಿಗೆ ಸೆಬಿನೇ 2024ರಲ್ಲಿ ಹೇಳಿದೆ, ಹಿಂದಿನ ಮೂರು ವರ್ಷದಲ್ಲಿ ಎಫ್ ಅಂಡ್ ಓ (ಫ್ಯೂಚರ್ಸ್, ಆಪ್ಷನ್ಸ್) ಮಾಡಿದ ಬಿಡಿ ಜನ್ರಲ್ಲಿ 93 ಪರ್ಸೆಂಟ್ ಲಾಸು.

ಇನ್ನೊಂದು ಗುಂಪಿತ್ತು, ಬರ್ರಿ ಆಮೇಲೆ ಮತ್ತೆ ತೆರೆದ ಫಂಡಿಗೆ ಏನು ತಗೊಂಡ ಅಂತ ನೋಡಿ ಕಾಪಿ ಹೊಡೆಯೋರು. ಅಮೆರಿಕದಲ್ಲಿ ದೊಡ್ಡ ಫಂಡುಗಳ ಶೇರು ಪಟ್ಟಿ ಹೊರಗೆ ಬರೋದು ಮೂರು ತಿಂಗಳು ಮುಗಿದು 45 ದಿನದ ಒಳಗೆ, ಅಷ್ಟೊತ್ತಿಗೆ ತಗೊಂಡೋನು ಮಾರಿ ಹೋಗಿರ್ಬೋದು. ಬರ್ರಿ 2023ರ ಜನವರಿ ಕೊನೆಗೆ ‘ಮಾರಿ’ ಅಂತ ಒಂದೇ ಪದ ಟ್ವೀಟ್ ಮಾಡ್ದ. ನನ್ನ ಕ್ಲೈಂಟ್ ಒಬ್ರು, ರಿಟೈರ್ಡ್ ಮೇಷ್ಟ್ರು, ಇಲ್ಲಿ ಶಿವಮೊಗ್ಗದಲ್ಲಿ ಕೂತು ಮ್ಯೂಚುವಲ್ ಫಂಡೆಲ್ಲ ಮಾರಿದ್ರು. ಮಾರ್ಚ್ ಕೊನೆಗೆ ಆತ, ಮಾರಿ ಅಂದಿದ್ದು ತಪ್ಪಾಯ್ತು ಅಂದ. ಮೇಷ್ಟ್ರಿಗೆ ಆ ಎರಡನೇದು ಗೊತ್ತಾಗಿದ್ದು ಜುಲೈನಲ್ಲಿ ರಿಟರ್ನ್ ಹಾಕೋಕೆ ಬಂದಾಗ, ನನ್ನ ಬಾಯಿಂದ. ಪಾಪ, ಒಳ್ಳೆ ಮನುಷ್ಯ, ಆ ದಿನ ಕಾಫಿನೂ ಕುಡೀಲಿಲ್ಲ.

ಆದ್ರೆ ನಂಗೆ ಜಾಸ್ತಿ ಬೇಜಾರಾಗಿದ್ದು ಸಾಗರ ಕಡೆಯ ಇನ್ನೊಬ್ಬನ ವಿಷ್ಯದಲ್ಲಿ. ಆ ಹುಡುಗ ಓದ್ತಿದ್ದ, ಕಂಪನಿ ಲೆಕ್ಕ ಪತ್ರ ನೋಡಿ ಒಳ್ಳೊಳ್ಳೆ ಶೇರೇ ತಗೊಂಡಿದ್ದ, ಆಪ್ಷನ್ಸ್ ಮುಟ್ಟಿರಲಿಲ್ಲ. ಅರ್ಧ ದುಡ್ಡು ಚಿಕ್ಕಪ್ಪಂದು, ಅವ್ರದ್ದು ಹೋಟ್ಲು. 2020ರ ಜನವರಿಯಲ್ಲಿ 12 ಸಾವಿರದ ಮೇಲಿದ್ದ ಶೇರು ಮಾರ್ಕೆಟ್ ಸೂಚ್ಯಂಕ ನಿಫ್ಟಿ ಮಾರ್ಚ್ 23ಕ್ಕೆ 7,600 ಆಸುಪಾಸು, ಲಾಕ್‌ಡೌನು, ಹೋಟ್ಲು ಬಂದ್, ಚಿಕ್ಕಪ್ಪ ದುಡ್ಡು ಕೇಳಿದ್ರು. ಕೇಳ್ದೇ ಇನ್ನೇನು ಮಾಡ್ತಾರೆ, ಹುಡುಗರಿಗೆ ಸಂಬಳ ಕೊಡ್ಬೇಕಲ್ಲ. ಇವ್ನು ಮಾರಿ ಕೊಟ್ಟ. ಮುಂದಿನ ಫೆಬ್ರವರಿಗೆ ನಿಫ್ಟಿ 15 ಸಾವಿರ. ಬರ್ರಿ ಹಂಗೆ ಬಾಗಿಲು ಹಾಕ್ಕೊಳ್ಳೋಕೆ ಇವ್ನ ಹತ್ರ ಅಗ್ರಿಮೆಂಟೂ ಇರ್ಲಿಲ್ಲ, ಇದ್ರೂ ಸ್ವಂತ ಚಿಕ್ಕಪ್ಪನ ಮುಖಕ್ಕೆ ಹಾಕೋಕಾಗುತ್ತಾ? ಈಗ್ಲೂ ಮನೆ ಮದುವೆ ಮುಂಜಿಯಲ್ಲಿ ಇಬ್ರೂ ಬೇರೆಬೇರೆ ಪಂಕ್ತಿಗೆ ಕೂರ್ತಾರೆ.

ನೆಂಟರಲ್ಲದವ್ರಿಂದ ಇಸ್ಕೊಂಡು ಇಷ್ಟು ಪರ್ಸೆಂಟ್ ಕೊಡ್ತೀನಿ ಅಂದ್ರೆ ಕಾನೂನಿನ ಕತೆ ಬೇರೆನೇ ಇದೆ, 2019ರ ಅನಿಯಂತ್ರಿತ ಠೇವಣಿ ನಿಷೇಧ ಕಾಯ್ದೆ ತಲೆ ಮೇಲೆ ಬರ್ಬೋದು. ಅದು ಒಬ್ಬೊಬ್ರ ಕಾಗದ ನೋಡದೆ ಹೇಳೋ ವಿಷ್ಯ ಅಲ್ಲ, ವಕೀಲರನ್ನ ಕೇಳಿ.

ಹೊಸನಗರದ ಹುಡುಗನಿಗೆ ಇಷ್ಟನ್ನೂ ಒಂದು ಗಂಟೆ ಹೇಳ್ದೆ. ಬುದ್ಧಿವಂತ, ಅರ್ಥ ಆಯ್ತು ಅಂದ. ಹಂಗಾದ್ರೆ ಭಾವನ 4 ಲಕ್ಷ ಮೊದ್ಲು ಕೊಟ್ಬಿಡು ಅಂದೆ. "ಈಗ ಸ್ವಲ್ಪ ಮೈನಸ್ಸಲ್ಲಿದೆ ಸರ್, ಮೇಲೆ ಬಂದ ತಕ್ಷಣ ಕೊಡ್ತೀನಿ. ಭಾವಂಗೇನೂ ಅರ್ಜೆಂಟಿಲ್ಲ, ಮನೆ ಕಟ್ಟಿಸ್ತಿದಾರೆ, ಆರ್‌ಸಿಸಿ ಹಾಕೋದು ದೀಪಾವಳಿ ಕಳೆದ್ಮೇಲೆ" ಅಂದ.